ಟುಂಗ್ರೋ ಪತ್ತೆಗೆ ಒಂದೇ ಸೀರಮ್ ಸಾಲದು

ತೋಟದ ಕೆಳಗಿನ ಗದ್ದೆಯಲ್ಲಿ ಭತ್ತದ ಪೈರು ಹಳದಿಗೆ ತಿರುಗಿ ಗಿಡ್ಡವಾದರೆ ನಾವು ಮೊದಲು ಯೂರಿಯಾ ಚೀಲಕ್ಕೆ ಕೈಹಾಕುತ್ತೇವೆ. ಅದು ಟುಂಗ್ರೋ ಆಗಿದ್ದರೆ ಗೊಬ್ಬರದಿಂದ ವಾಸಿಯಾಗದು. ಈ ರೋಗಕ್ಕೆ ಎರಡು ವೈರಸ್‌ಗಳು, ಒಂದು ಕಡ್ಡಿಯಾಕಾರದ್ದು, ಇನ್ನೊಂದು ಗುಂಡಗಿನದು. ಮೊಲದ ರಕ್ತದಿಂದ ತಯಾರಿಸಿದ ಸೀರಮ್ ಎಲೆಯ ರಸದಲ್ಲಿ ತನ್ನ ವೈರಸ್ಸನ್ನು ಗುರುತಿಸುತ್ತದೆ. ಆದರೆ ಇವೆರಡಕ್ಕೂ ನೆಂಟಸ್ತಿಕೆಯಿಲ್ಲ. ಒಂದರ ಸೀರಮ್ಮಿಗೆ ಇನ್ನೊಂದು ಸಿಗದು. (1970ರ ದಶಕದಲ್ಲಿ ಜಪಾನಿನಲ್ಲಿ ಕಂಡ ವೈಕಾ ರೋಗದ ವೈರಸ್ಸು ಈ ಗುಂಡು ವೈರಸ್ಸಿನ ನೆಂಟನೆಂದು ತಿಳಿದದ್ದೂ ಸೀರಮ್ ಪರೀಕ್ಷೆಯಿಂದಲೇ.) ಪೈರನ್ನು ಕೆಡಿಸುವುದು ಹೆಚ್ಚಾಗಿ ಕಡ್ಡಿ ವೈರಸ್. ಅದನ್ನು ಹಸಿರು ಜಿಗಿಹುಳು ಹೊತ್ತೊಯ್ಯಲು ಗುಂಡು ವೈರಸ್ಸಿನ ನೆರವು ಬೇಕು. ಗುಂಡಿನದೊಂದೇ ಹೊಕ್ಕ ಪೈರು ಹಸಿರಾಗಿಯೇ ಕಾಣಬಹುದು. ಆದ್ದರಿಂದ ಪ್ರಯೋಗಾಲಯಕ್ಕೆ ಹಳದಿ ಎಲೆಯ ಜೊತೆ ಪಕ್ಕದ ಹಸಿರು ಎಲೆಯನ್ನೂ ಕಳಿಸಿ, ಎರಡೂ ಸೀರಮ್‌ಗಳಿಂದ ಪರೀಕ್ಷಿಸುವಂತೆ ಕೇಳಿರಿ. ಒಬ್ಬೊಬ್ಬರೇ ಅಲೆಯುವುದಕ್ಕಿಂತ ಸಂಘವೇ ಎಲೆಗಳನ್ನು ಒಟ್ಟುಮಾಡಿ ಕಳಿಸಬೇಕೆಂಬುದು ನನ್ನ ಅಭಿಪ್ರಾಯ.