ರೋಗ ಮಗನದು, ಹುಂಡಾ ಮತ್ತೆ ತವರಿನದು

ಡುಷೆನ್ ಸ್ನಾಯುಕ್ಷಯ ಎಂಬ ವಂಶವಾಹಿ ನರ-ಸ್ನಾಯು ಕಾಯಿಲೆ ಬರುವುದು ಬಹುತೇಕ ಗಂಡುಮಕ್ಕಳಿಗೇ. ಮೂರು-ನಾಲ್ಕು ವರ್ಷದ ಹುಡುಗ ಪದೇ ಪದೇ ಬೀಳುತ್ತಾನೆ, ತನ್ನ ತೊಡೆಗಳನ್ನೇ ಊರಿಕೊಂಡು ಏಳುತ್ತಾನೆ. ಹನ್ನೆರಡರ ಹೊತ್ತಿಗೆ ನಡಿಗೆ ನಿಲ್ಲುತ್ತದೆ. ಸ್ಟಿರಾಯ್ಡ್ ಮಾತ್ರೆ ಅದನ್ನು ಸ್ವಲ್ಪ ಮುಂದೂಡೀತು, ಅಷ್ಟೇ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಬ್ಬಿನ ಸೀಮೆಯಲ್ಲಿ ಇಂಥ ಮಗುವನ್ನು ಎತ್ತಿಕೊಂಡು ಬೆಳಗಾವಿಯ ಬಸ್ಸು, ಬೆಂಗಳೂರಿನ ನಿಮ್ಹಾನ್ಸ್‌ಗೆ ರೈಲು ಹಿಡಿಯುವವಳು ಯಾರು? ಕಳೆ ತೆಗೆಯುವ ಕೂಲಿ ತಪ್ಪುವುದು ಯಾರದು? ಬೆಳೆದ ಮಗನನ್ನು ಸಂಡಾಸಕ್ಕೆ ಎತ್ತಿ ಕೂರಿಸಿ, ರಾತ್ರಿಯೆಲ್ಲ ಮಗ್ಗುಲು ಹೊರಳಿಸಿ ಸೊಂಟ ಕಳೆದುಕೊಳ್ಳುವವಳೂ ತಾಯಿಯೇ. ರಾಜ್ಯ ಸರ್ಕಾರ 2024-25ರ ಬಜೆಟ್ಟಿನಲ್ಲಿ ಇಂಥ ಆರೈಕೆದಾರರಿಗೆ ತಿಂಗಳಿಗೆ 1000 ರೂ. ಘೋಷಿಸಿತು. ದಿನಕ್ಕೆ 33 ರೂಪಾಯಿ!

ಇಷ್ಟರ ಮೇಲೆ, 'ತಾಯಿಯ ಕಡೆಯಿಂದ ಬರುವ ರೋಗ' ಎಂದು ಡಾಕ್ಟರು ಅಂದದ್ದೇ ತಡ, ಗಂಡನ ಮನೆಗೆ ಹೊಸ ಆಯುಧ ಸಿಗುತ್ತದೆ. ನಿನ್ನ ತವರಿನ ರೋಗ, ಔಷಧದ ರೊಕ್ಕ ಅಲ್ಲಿಂದಲೇ ತಾ ಎನ್ನುವುದು ಎರಡನೇ ಹುಂಡಾ ಅಲ್ಲದೆ ಮತ್ತೇನು? ತರದಿದ್ದರೆ ಗಂಡನಿಗೆ ಇನ್ನೊಂದು ಮದುವೆಯ ಬೆದರಿಕೆ. ಅತ್ತ ಅವಳ ತಂಗಿಗೆ ಬಂದ ಸಂಬಂಧ ಮುರಿಯುತ್ತದೆ, ಇಲ್ಲವೇ ಹುಂಡಾ ಏರುತ್ತದೆ.

ಡಾಕ್ಟರ ಮಾತು ಅರ್ಧ ಸತ್ಯ. ದೋಷವಿರುವುದು ಎಕ್ಸ್ ವರ್ಣತಂತುವಿನಲ್ಲಿ. ವಾಹಕಿಯಾದ ತಾಯಿಯ ಪ್ರತಿ ಗಂಡುಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು. ಆದರೆ ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ತಾಯಿ ವಾಹಕಿಯೇ ಅಲ್ಲ, ದೋಷ ಹೊಸದಾಗಿ ಹುಟ್ಟಿರುತ್ತದೆ. ವಾಹಕಿಯೇ ಆಗಿದ್ದರೂ ಅವಳೇನು ವರ್ಣತಂತುವನ್ನು ಸಂತೆಯಲ್ಲಿ ಆರಿಸಿ ತಂದಳೇ? ಮಗು ಗಂಡೋ ಹೆಣ್ಣೋ ಎಂಬುದು ತಂದೆಯಿಂದ ನಿರ್ಧಾರವಾಗುತ್ತದೆ ಎಂದೂ ಇದೇ ವಿಜ್ಞಾನ ಹೇಳುತ್ತದೆ. ಹೆಣ್ಣು ಹೆತ್ತವಳನ್ನು ಹೊರದೂಡುವಾಗ ಆ ಪಾಠ ಯಾರಿಗೂ ನೆನಪಾಗುವುದಿಲ್ಲ!

ಗೆಳತಿಯರೇ, ಹಣಕ್ಕಾಗಿ ಹೆಂಡತಿಯನ್ನು ಪೀಡಿಸುವುದು ಅಪರಾಧ. ಆ ಹಣ ಮದುವೆಯ ಹುಂಡಾವೇ ಆಗಿರಬೇಕೆಂದಿಲ್ಲ. ಹಳೆಯ 498ಎ ಕಲಮು 2024ರ ಜುಲೈ 1ರಿಂದ ನ್ಯಾಯ ಸಂಹಿತೆಯ 85, 86 ಆಗಿದೆ. ಮನೆಯಲ್ಲಿ ಇರುವ ಹಕ್ಕು, ಮಕ್ಕಳ ಜೀವನಾಂಶ, ವೈದ್ಯಕೀಯ ವೆಚ್ಚ, ತಪ್ಪಿದ ಗಳಿಕೆ ಇವನ್ನೆಲ್ಲ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಕೇಳಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಸ್ನಾಯುಕ್ಷಯವೂ ಇದೆ. ಮಗನ ಪ್ರಮಾಣಪತ್ರವನ್ನು ಬಿಡಬೇಡಿ.

ವೈದ್ಯರಿಗೂ ಒಂದು ಮಾತು. ವಾಹಕ ಪರೀಕ್ಷೆಯ ಫಲಿತಾಂಶ ಆ ಹೆಂಗಸಿಗೆ ಸೇರಿದ್ದು. ಮೊದಲು ಅವಳನ್ನು ಒಬ್ಬಳನ್ನೇ ಕೂರಿಸಿ, ಅವಳ ಮಾತಿನಲ್ಲಿ ತಿಳಿಸಿ ಹೇಳಿ. ಆ ಚೀಟಿಯನ್ನು ಹೊರಗೆ ಕಾಯುತ್ತಿರುವ ಅತ್ತೆ-ಮಾವಂದಿರ ಕೈಗೆ ಕೊಡಬೇಡಿ.