ಇಂಗ್ಲಿಷ್ ಎಂ.ಎ. ಮಾಡಿದರೆ ಕೆಲಸ ಸಿಗುತ್ತದೆಯೇ?

ಇಂಗ್ಲಿಷ್ ಓದಿದವರಿಗೆ ಕೆಲಸಕ್ಕೇನು ಬರ ಎನ್ನುವ ಮಾತು ನಮ್ಮ ಮನೆಗಳಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಅದು ಪೂರಾ ಸುಳ್ಳೇನಲ್ಲ. ಬಿ.ಎ. ಇರಲಿ, ಬಿ.ಕಾಂ. ಇರಲಿ, ಇಂಗ್ಲಿಷ್ ಪಾಠ ಇದ್ದೇ ಇರುತ್ತದೆ. ಹಾಗಾಗಿ ಬಹುತೇಕ ಎಲ್ಲ ಕಾಲೇಜಿಗೂ ಇಂಗ್ಲಿಷ್ ಮೇಷ್ಟ್ರು ಬೇಕು. ತತ್ತ್ವಶಾಸ್ತ್ರ ಓದಿದವರಿಗೆ ಈ ಭಾಗ್ಯವಿಲ್ಲ.

ಮೇಷ್ಟ್ರು ಬೇಕು ಸರಿ, ಕಾಯಂ ಮೇಷ್ಟ್ರೇ ಬೇಕೆಂದು ಯಾರೂ ಹೇಳುತ್ತಿಲ್ಲ. ಎಂ.ಎ.ಯಲ್ಲಿ ಶೇ. 55 ಅಂಕ ಪಡೆದು, ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಪಾಸಾಗಿ, ನೇಮಕಾತಿಯ ಅಧಿಸೂಚನೆಗಾಗಿ ವರ್ಷಗಟ್ಟಲೆ ಕಾಯುತ್ತ ಅತಿಥಿ ಉಪನ್ಯಾಸಕರಾಗಿಯೇ ಉಳಿದವರು ಪ್ರತಿ ಜಿಲ್ಲೆಯಲ್ಲೂ ಸಿಗುತ್ತಾರೆ.

ಮೇಷ್ಟ್ರಗಿರಿಯ ಆಚೆಗೆ ಈ ಓದಿನಿಂದ ಏನು ದಕ್ಕುತ್ತದೆ? ಕೇಂಬ್ರಿಜ್‌ನಲ್ಲಿ ವಿಮರ್ಶಕ ಐ.ಎ. ರಿಚರ್ಡ್ಸ್ ಕವಿಗಳ ಹೆಸರು ಮರೆಮಾಚಿ ವಿದ್ಯಾರ್ಥಿಗಳ ಕೈಗೆ ಪದ್ಯಗಳನ್ನು ಕೊಟ್ಟು, ಅವರು ಬರೆದುಕೊಟ್ಟದ್ದನ್ನು 1929ರಲ್ಲಿ ಪುಸ್ತಕ ಮಾಡಿದರು. ಆ ಬಗೆಯ ಪಾಠ ಇಂದಿಗೂ ಕೆಲವು ವಿಭಾಗಗಳಲ್ಲಿ ನಡೆಯುತ್ತದೆ. ಇಲ್ಲಿ ಮಾತಾಡುತ್ತಿರುವವರು ಯಾರು, ಯಾರಿಗೆ, ಯಾವುದನ್ನು ಹೇಳದೆ ಬಿಟ್ಟಿದ್ದಾರೆ? ಪದ್ಯಕ್ಕೆ ಈ ಪ್ರಶ್ನೆ ಹಾಕಿ ರೂಢಿಯಾದವರು ಬಾಡಿಗೆ ಕರಾರನ್ನೂ ಮಂತ್ರಿಯ ಪತ್ರಿಕಾ ಹೇಳಿಕೆಯನ್ನೂ ಗಿರಾಕಿಯ ಸಿಟ್ಟಿನ ಇಮೇಲನ್ನೂ ಹಾಗೆಯೇ ಓದುತ್ತಾರೆ. ಸಂಪಾದನೆ, ಕಾನೂನು, ಜಾಹೀರಾತು ಎಲ್ಲಕ್ಕೂ ಬೇಕಾದದ್ದು ಇದೇ.

ತೊಂದರೆ ಏನೆಂದರೆ, ಬಹಳ ಕಡೆ ಪರೀಕ್ಷೆ ಇದನ್ನು ಕೇಳುವುದೇ ಇಲ್ಲ. ಹ್ಯಾಮ್ಲೆಟ್ಟನ ಹಿಂಜರಿಕೆಯ ಬಗ್ಗೆ ಗೈಡ್‌ನಲ್ಲಿರುವ ನಾಲ್ಕು ಪುಟ ಉರು ಹೊಡೆದರೆ ಸಾಕು, ನಾಟಕ ತೆರೆಯದೆಯೂ ಪ್ರಥಮ ದರ್ಜೆ ಬರುತ್ತದೆ. ಮುಂದೆ ಸಂದರ್ಶನದಲ್ಲಿ ಎರಡು ಪುಟದ ವರದಿ ಕೊಟ್ಟು ಐದು ವಾಕ್ಯಕ್ಕೆ ಇಳಿಸಿ ಎಂದಾಗ ಪೆನ್ನು ನಿಲ್ಲುತ್ತದೆ. ಸಾದಾ ಬರವಣಿಗೆಯನ್ನು 2022ರ ಕೊನೆಗೆ ಬಂದ ಚಾಟ್‌ಜಿಪಿಟಿಯೇ ಮಾಡಿಕೊಡುತ್ತಿರುವಾಗ, ಅದರ ತಪ್ಪು ಹಿಡಿಯಲಾರದ ಪದವೀಧರರಿಗೆ ಯಾರು ಸಂಬಳ ಕೊಡುತ್ತಾರೆ?

ಬಿ.ಎಂ.ಶ್ರೀ, ಅಡಿಗ, ಅನಂತಮೂರ್ತಿ, ಲಂಕೇಶ್ ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳೇ ಎಂದು ವಿಭಾಗದವರು ಹೆಮ್ಮೆಯಿಂದ ಹೇಳುವುದುಂಟು. ಅವರೆಲ್ಲ ಬರೆದದ್ದು ಕನ್ನಡದಲ್ಲಿ ಎಂಬುದನ್ನು ಮಾತ್ರ ಅಷ್ಟು ಒತ್ತಿ ಹೇಳುವುದಿಲ್ಲ. ಎರಡೂ ಭಾಷೆ ಪಳಗಿದವರಿಗೆ ಅನುವಾದ, ಸಬ್‌ಟೈಟಲ್, ಪ್ರಕಾಶನದ ಬಾಗಿಲೂ ತೆರೆದಿರುತ್ತದೆ.

ನನ್ನ ಮಟ್ಟಿಗೆ, ಓದಿಸಿ ಬರೆಸುವ ವಿಭಾಗ ಸಿಕ್ಕರೆ ಸೇರಬಹುದು. ಗೈಡ್ ನಂಬಿದ ವಿಭಾಗವಾದರೆ ಎರಡು ವರ್ಷ ದಂಡ. ಶುಲ್ಕ ಕಟ್ಟುವ ಮುಂಚೆ ಅಲ್ಲಿನ ಹಳೆಯ ಪ್ರಶ್ನೆಪತ್ರಿಕೆಗಳನ್ನು ತರಿಸಿಕೊಂಡು ನೋಡಿ.