ಆಟದ ರಾತ್ರಿಗೊಂದು ಕ್ಯಾಮೆರಾ

ಕುಂದಾಪುರ ತಾಲ್ಲೂಕಿನ ವಂಡ್ಸೆಯ ಒಂದು ಮನೆಯಲ್ಲಿ ಹರಕೆಯ ಬಯಲಾಟ ನಿಶ್ಚಯವಾಗಿದೆಯೆಂದು ಇಟ್ಟುಕೊಳ್ಳಬಹುದು. ಹತ್ತಿರದ ಮಾರಣಕಟ್ಟೆ ಮೇಳವನ್ನಾಗಲಿ ಮಂದಾರ್ತಿ ಮೇಳವನ್ನಾಗಲಿ ಕರೆಸಬೇಕಾದರೆ ಸರದಿ ಹಿಡಿದು ವರ್ಷಗಟ್ಟಲೆ ಕಾಯಬೇಕು. ಮನೆಯ ಹಿರಿಯರ ಆಯುಷ್ಯದಲ್ಲಿ ಅಂಥ ರಾತ್ರಿ ಮತ್ತೊಮ್ಮೆ ಬರುವುದೋ ಇಲ್ಲವೋ! ಬೆಂಗಳೂರಿನಲ್ಲಿರುವ ಮಗ ಅದಕ್ಕೆಂದೇ ಡಿಜಿಟಲ್ ಕ್ಯಾಮೆರಾ ಕೊಳ್ಳಲು ಹೊರಡುತ್ತಾನೆ. ಅಂಗಡಿಯಾತ ಮೊದಲು ಮುಂದಿಡುವುದು ಮೆಗಾಪಿಕ್ಸೆಲ್ಲಿನ ಲೆಕ್ಕವನ್ನು; ಮಗ ಮರುಳಾಗುವುದೂ ಅಲ್ಲಿಯೇ.

1975ರಲ್ಲಿ ಅಮೆರಿಕದ ಕೊಡಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದಾಗ ಅದರ ಚಿತ್ರದಲ್ಲಿದ್ದುದು ಕೇವಲ 10,000 ಚುಕ್ಕಿಗಳು. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಬೇಕಾಗಿತ್ತು. ಆಗ ಚುಕ್ಕಿಗಳ ಸಂಖ್ಯೆಗೆ ಬೆಲೆಯಿತ್ತು. ಗೋಡೆಗೆ ತೂಗುಹಾಕುವ 8 × 12 ಅಂಗುಲದ ಚಿತ್ರಕ್ಕೆ 9 ಮೆಗಾಪಿಕ್ಸೆಲ್ ಧಾರಾಳವಾಗಿ ಸಾಕು. ಅದಕ್ಕಿಂತ ಹೆಚ್ಚಿನದು ಈಗಿನ ಎಲ್ಲ ಕ್ಯಾಮೆರಾಗಳಲ್ಲೂ ಉಂಟು.

ಕೇಳಬೇಕಾದ ಪ್ರಶ್ನೆ ಬೆಳಕಿನದು. ದೀವಟಿಗೆಯ ಕಾಲ ಹೋಗಿ ವಿದ್ಯುದ್ದೀಪ ಬಂದಿದೆ, ನಿಜ. ಆದರೂ ಕಣ್ಣಿಗೆ ಝಗಝಗಿಸುವ ರಂಗಸ್ಥಳ ಕ್ಯಾಮೆರಾಕ್ಕೆ ಮಬ್ಬು. ಅದರಲ್ಲಿ ದಿಗಿಣ ಹಾರುವ ವೇಷವನ್ನು ಕದಡದಂತೆ ಹಿಡಿಯಲು ಸೆಕೆಂಡಿನ 250ರಲ್ಲೊಂದು ಪಾಲು, ಇಲ್ಲವೇ ಇನ್ನೂ ಕಡಿಮೆ ಕಾಲವಷ್ಟೇ ಬೆಳಕು ಒಳಗೆ ಬರಬೇಕು. ಆ ಅಲ್ಪ ಬೆಳಕನ್ನು ಕೂಡಿಸಿಕೊಳ್ಳುವುದು ಸೆನ್ಸರ್ ಎಂಬ ಫಲಕ. ಜೇಬಿನಲ್ಲಿಡುವ ಅಗ್ಗದ ಕ್ಯಾಮೆರಾದಲ್ಲಿ ಅದು ಸುಮಾರು 6 × 4.5 ಮಿಲಿಮೀಟರ್, ‘ಫುಲ್ ಫ್ರೇಮ್’ ಎಂಬುದರಲ್ಲಿ 36 × 24, ಎಂದರೆ ವಿಸ್ತಾರದಲ್ಲಿ ಮೂವತ್ತು ಪಟ್ಟು. ನಡುವಿನ ‘ಎಪಿಎಸ್-ಸಿ’ ಸುಮಾರು 24 × 16. ಮಧ್ಯಮ ವರ್ಗದ ಸಂಸಾರಕ್ಕೆ ಇದೇ ತಕ್ಕದ್ದು.

ಹೀಗೆ ಉಳಿದ ಹಣ ಲೆನ್ಸಿಗೆ ಹೋಗಬೇಕು. ಪೆಟ್ಟಿಗೆಯೊಡನೆ ಬರುವ ಜೂಮ್ ಲೆನ್ಸ್, ದೂರದ್ದನ್ನು ಹತ್ತಿರ ತಂದಾಗ ಸಾಮಾನ್ಯವಾಗಿ ಎಫ್ 5.6ಕ್ಕೆ ನಿಲ್ಲುತ್ತದೆ. 50 ಮಿಲಿಮೀಟರಿನ ಎಫ್ 1.8 ಲೆನ್ಸ್ ಅದರ ಹತ್ತರಷ್ಟು ಬೆಳಕನ್ನು ಒಳಗೆ ಬಿಡುತ್ತದೆ. ಅಂಕಿ ಕಿರಿದಾದಷ್ಟೂ ಕಿಂಡಿ ಹಿರಿದು. ಅದಕ್ಕೆ ಜೂಮ್ ಇಲ್ಲ. ಮುಂದಿನ ಸಾಲಿನಲ್ಲಿ ಜಾಗ ಹಿಡಿಯಬೇಕು. ಆಟ ಆಡಿಸುವ ಮನೆಯವರಿಗೆ ಅದೇನು ಕಷ್ಟ? ಫ್ಲಾಷ್ ಮಾತ್ರ ಬೇಡ. ಎದೆಕಟ್ಟು ಭುಜಕೀರ್ತಿಗಳು ಅದಕ್ಕೆ ಪ್ರತಿಫಲಿಸಿ ಚಿತ್ರ ಕೆಡುವುದಲ್ಲದೆ, ಕುಣಿಯುವವರ ಕಣ್ಣೂ ಕತ್ತಲಿಡುತ್ತದೆ.

ಹಗಲು ಹೊತ್ತಿನ ನಾಮಕರಣ, ಕೊಲ್ಲೂರು ಯಾತ್ರೆಗಳಷ್ಟೇ ಗುರಿಯಾದರೆ ಕೈಯಲ್ಲಿರುವ ಮೊಬೈಲೇ ಸಾಕು. ಕ್ಯಾಮೆರಾ ಕೊಳ್ಳದಿರುವುದೇ ಜಾಣತನ.

ಬೆಂಗಳೂರಿನ ಅಂಗಡಿಯಲ್ಲಿ ಯಾರೂ ಹೇಳದ ಇನ್ನೊಂದು ಸಂಗತಿಯಿದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಚಕ್ರಾ ನದಿ ತುಂಬಿ ಹರಿಯುವ ಆ ದಿನಗಳಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಹಿಡಿಯುವ ಬೂಷ್ಟು ಲೆನ್ಸಿನ ಗಾಜನ್ನೂ ಬಿಡುವುದಿಲ್ಲ. ಆಟಗಳು ನಿಂತು ಕ್ಯಾಮೆರಾ ಕಪಾಟು ಸೇರುವುದೂ ಆಗಲೇ. ಚರ್ಮದ ಚೀಲದಲ್ಲಿ ಮುಚ್ಚಿಟ್ಟರಂತೂ ಬೂಷ್ಟಿಗೆ ಮನೆ ಕಟ್ಟಿಕೊಟ್ಟಂತೆ. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವವರೂ ಉಂಟು. ಹಿಟ್ಟಿನ ಧೂಳು ಸಂದಿಗೆ ಸೇರಿ ಒಂದಕ್ಕೆ ಎರಡಾಗುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್ ಹರಳು, ಒಂದು ಚಿಕ್ಕ ತೇವಮಾಪಕ — ಇಷ್ಟಿದ್ದರೆ ಸಾಕು. ಮುಳ್ಳು 40ರಿಂದ 50ರ ನಡುವೆ ಇರಬೇಕು. ನೀಲಿ ಹರಳು ಗುಲಾಬಿಗೆ ತಿರುಗಿದರೆ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು, ಆದರೆ ಅಡಿಗೆಯ ಪಾತ್ರೆಯಲ್ಲಲ್ಲ. ಈ ಖರ್ಚನ್ನೂ ಕ್ಯಾಮೆರಾದ ಬೆಲೆಯೊಂದಿಗೇ ಕೂಡಿಸಿಕೊಳ್ಳಬೇಕು.

ಕೈಬದಲಾದ ಲೆನ್ಸ್ ಕೊಳ್ಳುವವರು ಅದರ ಹಿಂದಿನಿಂದ ಟಾರ್ಚಿನ ಬೆಳಕು ಹಾಯಿಸಿ ನೋಡುವುದು ಒಳ್ಳೆಯದು. ಒಳಗೆ ಜೇಡನ ಬಲೆಯಂಥ ಎಳೆ ಕಂಡರೆ, ಬೆಲೆ ಅರ್ಧಕ್ಕಿಳಿದರೂ ಮುಟ್ಟಬಾರದು.

ಮಗ ಆಟದ ವಾರಕ್ಕೆ ಮುಂಚೆ ಕೊಂಡು ಬಂದರೆ ಪ್ರಯೋಜನವಿಲ್ಲ. ಒಂದೆರಡು ತಿಂಗಳು ಮೊದಲೇ ಕೊಂಡು, ಊರಿನ ಬೇರೊಂದು ಆಟಕ್ಕೆ ಹೋಗಿ ಕೈ ಪಳಗಿಸಿಕೊಳ್ಳಬೇಕು. ಚೌಕಿಪೂಜೆಗೆ ಆರಂಭಿಸಿದ ಬ್ಯಾಟರಿ ಬೆಳಗಿನ ಮಂಗಳದವರೆಗೆ ಬಾಳುವುದಿಲ್ಲವೆಂಬುದು ಅಲ್ಲಿಯೇ ತಿಳಿದರೆ, ಮನೆಯ ಆಟದ ರಾತ್ರಿ ಜೇಬಿನಲ್ಲಿ ಇನ್ನೊಂದು ಇರುತ್ತದೆ.